ಹತ್ತು ನಿಮಿಷ ತಡವಾದ ಹೊಗೆ

ನವೆಂಬರ್ 9, ಶನಿವಾರ

ಬೆಳಿಗ್ಗೆ ಇಪ್ಪತ್ತೇಳು ಡಿಗ್ರಿ. ಮಧ್ಯಾಹ್ನ ಹದಿನೈದು. ಸಂಜೆ ಮತ್ತೆ ಇಪ್ಪತ್ತಾರು. ಇದು ಮನೆಯೋ, ಮಲೇರಿಯಾ ಬಂದ ಮೈಯೋ!

ನಡುಮನೆಯ ಗುಳಿಗೆ ಒಲೆಗೆ ಒಂದರಿಂದ ಐದರವರೆಗೆ ಅಂಕಿ ಇದೆ. ಮರದ ಹುಡಿ ಒತ್ತಿ ಮಾಡಿದ ಗುಳಿಗೆಯನ್ನ ಅದು ತಾನೇ ತಿಂದುಕೊಂಡು ಉರಿಯುತ್ತೆ, ಎಷ್ಟು ತಿನ್ನಬೇಕು ಅಂತ ಮಾತ್ರ ನಾವು ಹೇಳಬೇಕು. ನಾನು ಎರಡಕ್ಕಿಟ್ಟು ಮೆಟ್ಟಿಲು ಹತ್ತೋದರೊಳಗೆ ಮುದುಕಿ ಐದಕ್ಕೆ ಏರಿಸಿರ್ತಾಳೆ. ಏರಿಸಿ, ಸೆಕೆ ಅಂತ ಕಿಟಕಿ ತೆಗೀತಾಳೆ. ತೆಗೆದು, ಚಳಿ ಅಂತ ಶಾಲು ಹೊದೀತಾಳೆ. ಕೆಳಗಿನ ಕೊಟ್ಟಿಗೆಯಿಂದ ಹದಿನೈದು ಕಿಲೋ ಚೀಲ ಹೊತ್ತು ತರೋಳು ಮಾತ್ರ ನಾನು.

ಯಾರ ಮೇಲೆ ಕೂಗಾಡಲಿ? ನನ್ನ ಗಂಡ ಎರ್ಮೆಸ್ ಸೋಮವಾರ ಲಾರಿ ಹತ್ತಿ ಇಟಲಿ ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋದರೆ ಬರೋದು ಶುಕ್ರವಾರ. ಬಂದವನು ತಾಯಿಗೆ ಮುತ್ತು ಕೊಟ್ಟು, ನನಗೆ ಕೊಳೆಬಟ್ಟೆ ಗಂಟು ಕೊಟ್ಟು, ಮಲಗ್ತಾನೆ. ಅದಕ್ಕೇ ಈ ಪುಸ್ತಕ. ನಾನು ಅಡುಗೆ ಮಾಡೋ ಶಾಲೆಯಲ್ಲಿ ವಾರದ ಊಟದ ಪಟ್ಟಿ ಬರೆಯೋಕೆ ಕೊಟ್ಟಿದ್ದು, ಅರ್ಧ ಖಾಲಿ ಉಳಿದಿತ್ತು.

ಇನ್ನೊಂದು ವಿಷಯ ಬರೆದುಬಿಡಬೇಕು, ಇಲ್ಲದಿದ್ರೆ ಎದೆಯಲ್ಲೇ ಕೊಳೆಯುತ್ತೆ. ಸೆಪ್ಟೆಂಬರಿನಲ್ಲಿ ಮುದುಕಿ ಕಟ್ಟಿಗೆ ಹೊತ್ತು ಬರ್ತಾ ಮೆಟ್ಟಿಲ ಮೇಲೆ ಬಿದ್ದಳಲ್ಲ, ಆವಾಗ ನಾವಿಬ್ಬರೂ ಕಣಿವೆ ಬಾಯಲ್ಲಿರೋ ವೃದ್ಧಾಶ್ರಮಕ್ಕೆ ಹೋಗಿ ಅವಳ ಹೆಸರು ಬರೆಸಿ ಬಂದ್ವಿ. ಅವಳಿಗೆ ಹೇಳಿಲ್ಲ. ನಿನ್ನೆ ಅಲ್ಲಿಂದ ಫೋನು. ಪಟ್ಟಿಯಲ್ಲಿ ಈಗ ಮೂರನೆಯ ಹೆಸರಂತೆ, ಕ್ರಿಸ್‌ಮಸ್ ಹೊತ್ತಿಗೆ ಜಾಗ ಆಗಬಹುದಂತೆ.

ಎರ್ಮೆಸ್‌ನ ಕೇಳಿದೆ. "ಮನೇಲಿರೋಳು ನೀನು. ನೀನೇ ತೀರ್ಮಾನ ಮಾಡು" ಅಂದ.

"ನಿನ್ನ ತಾಯಿ ಕಣಯ್ಯಾ ಅವರು" ಅಂದೆ.

"ಅದಕ್ಕೇ ನನ್ನ ಕೈಲಾಗಲ್ಲ" ಅಂದ.

ಡಾಕ್ಟರು ಹೇಳಿದ್ದು ಒಂದೇ ಮಾತು. ಎಂಬತ್ತಾರು ವರ್ಷದ ಎದೆ, ಹಗಲೂ ರಾತ್ರಿ ಒಂದೇ ಸಮ ಇಪ್ಪತ್ತು ಡಿಗ್ರಿ ಇರಬೇಕು. ಆಯ್ತು. ಒಲೆಗೆ ಥರ್ಮೊಸ್ಟ್ಯಾಟ್ ಹಾಕ್ತೀನಿ, ಬಿಸಿ ನೋಡಿಕೊಂಡು ಒಲೆಯನ್ನ ತಾನೇ ಹಚ್ಚಿ ಆರಿಸೋ ಡಬ್ಬಿ. ಕ್ರಿಸ್‌ಮಸ್ಸಿನೊಳಗೆ ಈ ಮನೆ ಇಪ್ಪತ್ತಕ್ಕೆ ನಿಂತರೆ ಅವಳು ಇಲ್ಲಿರಲಿ. ನಿಲ್ಲದಿದ್ದರೆ ಅಲ್ಲಿಗೆ. ಯಂತ್ರವೇ ಹೇಳಲಿ, ನನಗೆ ಆ ಪಾಪ ಬೇಡ.

ನವೆಂಬರ್ 13, ಬುಧವಾರ

ಹಾಕಿದೆ. ನಾನೇ!

ಒಲೆ ರಿಪೇರಿ ಮಾಡೋ ಒನೋರಿಯೊ ಅಂಗಡಿಯಲ್ಲಿ ಥರ್ಮೊಸ್ಟ್ಯಾಟ್ ಕೊಡುವಾಗಲೇ ಹೆದರಿಸಿದ. "ಒಲೆ ಬೆನ್ನಲ್ಲಿ ಎರಡು ಪುಟ್ಟ ಸ್ಕ್ರೂ ಇರುತ್ತೆ. ಅವೆರಡನ್ನ ಸೇರಿಸೋದು, ಬಿಡಿಸೋದು, ಅಷ್ಟೇ ಇದರ ಕೆಲಸ. ಗೋಡೆ ಕರೆಂಟ್ ತಂದು ಅಲ್ಲಿಗೆ ಕೊಟ್ಟೀಯ, ಜೋಕೆ. ಹೋದ ವರ್ಷ ಮೇಲಿನ ಊರಿನ ಮೇಷ್ಟ್ರು ಕೊಟ್ಟು ಒಲೆ ತಲೆಯೇ ಸುಟ್ಟುಹೋಯ್ತು."

"ನಮ್ಮಪ್ಪ ಕೆಳಗೆ ಬಯಲಿನ ಕೊಡ್ರೊಯ್ಪೊ ಊರಲ್ಲಿ ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದೋರು" ಅಂದೆ.

"ಒಲೆ ಹಾಡು ಹೇಳಲ್ವಲ್ಲಮ್ಮ" ಅಂದ.

ಪ್ಲಗ್ ಕಿತ್ತು, ಒಲೆಯನ್ನ ಮುಂದಕ್ಕೆಳೆದು, ಬೆನ್ನಿನ ತಗಡು ಬಿಚ್ಚಿದೆ. ಎರಡು ಸ್ಕ್ರೂ ನಡುವೆ ಉಗುರಿನಷ್ಟು ತಾಮ್ರದ ಕೊಂಡಿ. ಅದು ಇರೋವರೆಗೂ ಒಲೆ ತನ್ನಿಷ್ಟಕ್ಕೆ ಉರಿಯುತ್ತೆ. ಅದನ್ನ ತೆಗೆದು ಎರಡು ಸಣ್ಣ ತಂತಿ ಸಿಕ್ಕಿಸಿದೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟೋರು.

ಆಮೇಲೆ ಗೋಡೆ. ಈ ಊರಿನ ಗೋಡೆ ಅಂದರೆ ಗೋಡೆಯಲ್ಲ, ಬೆಟ್ಟ! ಡ್ರಿಲ್ಲಿನ ಎರಡು ಮೊನೆ ಮುರಿದವು. ಬಿಸಿಲು ಬೀಳಬಾರದು, ಗಾಳಿ ಬೀಸಬಾರದು, ಒಲೆ ಹತ್ತಿರ ಇರಬಾರದು ಅಂತ ಡಬ್ಬಿ ಜೊತೆ ಬಂದ ಪುಸ್ತಕದಲ್ಲಿತ್ತು. ಒಲೆ ಇರೋದು ನಡುಮನೆಯಲ್ಲಿ, ಆದ್ದರಿಂದ ಇದನ್ನ ಅಡುಗೆಮನೆಯಲ್ಲಿ ಹಾಕಿದೆ. ಈ ಕಾರ್ನಿಯಾ ಬೆಟ್ಟಸೀಮೆಯ ಮನೆಗಳಲ್ಲಿ ಜನ ಬದುಕೋದೂ ಅಲ್ಲೇ ತಾನೆ? ಬಾಗಿಲ ಪಕ್ಕ, ಎದೆಯೆತ್ತರಕ್ಕೆ, ಬೆಳ್ಳಗೆ ಚೊಕ್ಕಟವಾಗಿ ಕೂತಿದೆ.

ಮುದುಕಿ ಕುರ್ಚಿ ಎಳೆದುಕೊಂಡು ಕೂತು ಎಲ್ಲಾನೂ ನೋಡಿದಳು. ಕೊನೆಗೆ ಕೇಳಿದಳು: "ಹಾಗಾದ್ರೆ ಇನ್ಮೇಲೆ ನನಗೆ ಚಳಿ ಆಗ್ತಿದ್ಯೋ ಇಲ್ವೋ ಅಂತ ಈ ಸೋಪಿನ ಡಬ್ಬಿ ಹೇಳುತ್ತೆ?"

"ಹೂಂ ಅತ್ತೆ."

"ನನ್ನ ಗಂಡನೂ ಹಾಗೇ ಹೇಳ್ತಿದ್ದ. ಹೋಗಿ ಮೂವತ್ತು ವರ್ಷ ಆಯ್ತು."

ನವೆಂಬರ್ 17, ಭಾನುವಾರ

ಟಿಕ್. ಉರಿ. ಟಿಕ್. ಆರಿತು. ಇಪ್ಪತ್ತು ನಿಮಿಷಕ್ಕೊಂದು ಸಲ. ಊಟಕ್ಕೆ ಕೂತರೂ ಕಿವಿ ಅಲ್ಲೇ. ಹತ್ತೊಂಬತ್ತೂವರೆಗೆ ಹೊತ್ತಿಕೊಳ್ಳುತ್ತೆ, ಇಪ್ಪತ್ತಕ್ಕೆ ಆರುತ್ತೆ. ಎದ್ದು ಹೋಗಿ ನೋಡ್ತೀನಿ, ಬಂದು ಕೂರ್ತೀನಿ, ಮತ್ತೆ ಎದ್ದು ಹೋಗ್ತೀನಿ.

ಒನೋರಿಯೊಗೆ ಫೋನ್ ಮಾಡಿದೆ. "ಅರ್ಧ ಡಿಗ್ರಿಗೆ ಇಟ್ಟಿದ್ದೀಯಾ? ಹಾಗೆ ಕ್ಷಣಕ್ಷಣಕ್ಕೂ ಹತ್ತಿ ಆರಿದ್ರೆ ಕಿಡಿ ಕೊಡೋ ಕಡ್ಡಿ ಒಂದೇ ಚಳಿಗಾಲಕ್ಕೆ ಸತ್ತುಹೋಗುತ್ತೆ. ಒಂದೂವರೆ ಡಿಗ್ರಿ ಸಡಿಲ ಬಿಡು."

"ನನಗೆ ಸರಿಯಾಗಿ ಇಪ್ಪತ್ತು ಬೇಕು."

"ಸರಿಯಾಗಿ ಇಪ್ಪತ್ತು ಅನ್ನೋದು ಎಲ್ಲೂ ಇಲ್ಲಮ್ಮ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ಗಂಡ ಹೆಂಡಿರೂ ಹಾಗೇ ಅಲ್ವಾ?"

ಅವನಿಗೆ ಮದುವೆಯಾಗಿಲ್ಲ. ಒಂದೂವರೆಗಿಟ್ಟೆ.

ನವೆಂಬರ್ 25, ಸೋಮವಾರ

ಶಾಲೆಯಿಂದ ಮೂರಕ್ಕೆ ಬಂದೆ. ಅಡುಗೆಮನೆ ಇಪ್ಪತ್ಮೂರು. ಡಬ್ಬಿ ಹೊಟ್ಟೆ ತುಂಬಿದವನ ಹಾಗೆ ಸುಮ್ಮನಿದೆ, ಗುಳಿಗೆ ಒಲೆ ತಣ್ಣಗೆ ಸತ್ತಿದೆ. ಮೇಲೆ ಹೋದರೆ ಕೋಣೆ ಹದಿನಾಲ್ಕು. ಮುದುಕಿ ಎರಡು ರಜಾಯಿ ಅಡಿಯಲ್ಲಿ ಮಲಗಿ ಗೊರಗೊರ ಕೆಮ್ತಿದ್ದಾಳೆ. ತಂತಿ ಬಿಚ್ಚಿ ಮತ್ತೆ ಕಟ್ಟಿದೆ. ಡಬ್ಬಿಯ ಬ್ಯಾಟರಿ ಬದಲಾಯಿಸಿದೆ. ಒನೋರಿಯೊನ ಬಾ ಅಂದೆ.

ಅವನು ಬಂದ, ಒಲೆ ಕಡೆ ನೋಡಲೂ ಇಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ಮೂಲೆಯಲ್ಲಿರೋ ಹಳೇ ಕಟ್ಟಿಗೆ ಒಲೆಯ ಕಬ್ಬಿಣದ ಹಲಗೆ ಮೇಲೆ ಅಂಗೈ ಇಟ್ಟ. ಹಾ ಅಂತ ಕೈ ಹಿಂದಕ್ಕೆಳೆದ. ಆಮೇಲೆ ನಕ್ಕ ನೋಡಿ, ಕಣ್ಣಲ್ಲಿ ನೀರು ಬರೋ ಹಾಗೆ.

"ಒಲೆ ಹತ್ತಿರ ಹಾಕಬೇಡ ಅಂತ ಬರೆದಿದ್ರಲ್ಲಮ್ಮ. ಇದೇನು, ಬೀರುವಾ? ಬಯಲಿನವಳು ಅಂತ ತೋರಿಸಿಬಿಟ್ಟೆ ಬಿಡು!"

ಹೌದು. ಮುದುಕಿ ದಿನಾ ಬೆಳಿಗ್ಗೆ ಆ ಒಲೆ ಹಚ್ತಾಳೆ. ಹಾಲುಕಾಫಿಗೆ ಅಂತ ನಾನಂದುಕೊಂಡಿದ್ದೆ. ಇಪ್ಪತ್ತಾರು ವರ್ಷದಿಂದ ನೋಡಿ ನೋಡಿ ಅದು ನನ್ನ ಕಣ್ಣಿಗೆ ಒಲೆಯಾಗಿ ಕಾಣೋದನ್ನೇ ಬಿಟ್ಟಿತ್ತು. ಅಡುಗೆಮನೆ ಬಿಸಿಯಾದರೆ ಡಬ್ಬಿ ಮನೆಯೆಲ್ಲಾ ಬಿಸಿ ಅಂದುಕೊಳ್ಳುತ್ತೆ, ಗುಳಿಗೆ ಒಲೆ ಆರುತ್ತೆ, ಮೇಲೆ ಚಳಿ.

"ಡಬ್ಬಿಯನ್ನ ಮೇಲಕ್ಕೆ ಹಾಕು" ಅಂದ ಒನೋರಿಯೊ.

ಮತ್ತೆ ಆ ಬೆಟ್ಟ ಕೊರೀಬೇಕಾ? ಸಾಧ್ಯವಿಲ್ಲ. ಕಟ್ಟಿಗೆ ಒಲೆ ನಿಲ್ಲಿಸಿದರಾಯ್ತು. ಮುದುಕಿ ಬಿದ್ದಿದ್ದೂ ಆ ಕಟ್ಟಿಗೆ ಹೊತ್ತೇ ಅಲ್ಲವಾ?

ಸಂಜೆ ಹೇಳಿದೆ. "ನಾಳೆಯಿಂದ ಕಟ್ಟಿಗೆ ಒಲೆ ಹಚ್ಚಬೇಡಿ ಅತ್ತೆ. ಕಾಫಿ ಗ್ಯಾಸಿನ ಮೇಲೆ ಮಾಡಿಡ್ತೀನಿ."

"ಹಚ್ತೀನಿ" ಅಂದಳು.

"ನಿಮ್ಮ ಎದೆಗೇ ತೊಂದರೆ."

"ಎದೆ ನಂದು" ಅಂದಳು. ಮುಗೀತು.

ಡಿಸೆಂಬರ್ 2, ಸೋಮವಾರ

ಹಚ್ಚಿದಳು. ಇವತ್ತೂ.

ಡಿಸೆಂಬರ್ 4, ಬುಧವಾರ

ಹೇಳಿದೆ, ಬೇಡಿಕೊಂಡೆ, ಕೂಗಾಡಿದೆ. ಗೋಡೆಗೆ ಹೇಳಿದ ಹಾಗೆ. ಬೆಳಕು ಹರಿಯೋ ಮುಂಚೆ ಎದ್ದು, ಗೋಡೆ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಇಳಿದು, ಒಲೆ ಹಚ್ಚಿ, ಕಿಟಕಿ ಹತ್ತಿರ ನಿಂತುಬಿಡ್ತಾಳೆ. ಏನು ನೋಡ್ತಾಳೋ! ಹೊರಗೆ ಮಂಜು ಬಿಟ್ಟರೆ ಇನ್ನೇನಿದೆ? ಮರೆವು ಶುರುವಾಗಿದೆಯಾ ಅಂತ ನನಗೆ ಅನುಮಾನ. ಆಶ್ರಮದವರು ಕಳಿಸಿದ ಅರ್ಜಿಯಲ್ಲಿ ಅದಕ್ಕೂ ಒಂದು ಚೌಕ ಇದೆ. ಪೆನ್ನು ಹಿಡಿದು ಕೂತಿದ್ದೆ, ಗುರುತು ಹಾಕಲಿಲ್ಲ.

ಡಿಸೆಂಬರ್ 6, ಶುಕ್ರವಾರ

ಕಟ್ಟಿಗೆ ಕೊಟ್ಟಿಗೆಗೆ ಬೀಗ ಹಾಕಿದೆ. ಕೀಲಿ ನನ್ನ ಏಪ್ರನ್ ಜೇಬಲ್ಲಿದೆ. ಬೆಂಕಿಪೊಟ್ಟಣ ಎಲ್ಲಾ ಬಚ್ಚಿಟ್ಟೆ. ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಂಡ ಹಾಗಾಯ್ತು. ಆದರೂ ಮಾಡಿದೆ.

ಡಿಸೆಂಬರ್ 7, ಶನಿವಾರ

ಕ್ರಮವಾಗಿ ಬರೀತೀನಿ.

ಬೆಳಿಗ್ಗೆ ಕೆಳಗೆ ಬಂದಾಗ ಮುದುಕಿ ಕೋಟು ಹಾಕ್ಕೊಂಡು ಕಿಟಕಿ ಹತ್ತಿರ ನಿಂತಿದ್ದಳು. ಒಲೆ ತಣ್ಣಗಿತ್ತು. "ಕೀಲಿ ಕೊಡು" ಅಂದಳು. ಕೊಡಲ್ಲ ಅಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಕೊಡೇ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು. ಆ ಬಾಯಲ್ಲಿ ಅಂಥ ಮಾತು ನಾನು ಕೇಳೇ ಇರಲಿಲ್ಲ. ಆದರೂ ನಾನು ಮೂರ್ಖಿ, ಥರ್ಮೊಸ್ಟ್ಯಾಟ್ ತೋರಿಸಿದೆ. ಸರಿಯಾಗಿ ಇಪ್ಪತ್ತು ಇತ್ತು. ಮೇಲೂ ಇಪ್ಪತ್ತು. ನನಗೆ ಜಂಬ.

ಎಂಟೂಕಾಲಿಗೆ ಬಾಗಿಲು ದಬದಬ ಬಡಿದ ಶಬ್ದ. ತೆಗೆದರೆ ಡೆಲ್ಫೀನಾ ಅಜ್ಜಿ! ಹೊಳೆ ಆಚೆ ದಂಡೆಯ ಒಂಟಿ ಮನೆಯವಳು, ಎಂಬತ್ತೆಂಟು ವರ್ಷ, ಮೊಣಕಾಲವರೆಗೆ ಹಿಮ, ಕೈಯಲ್ಲಿ ಹುಲ್ಲು ಬಾಚೋ ಕೋಲು. ಅವಳು ಈ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು. ನಮ್ಮ ಮುದುಕಿಯ, ಮೆಕ್ಕೆಜೋಳದ ಪೊಲೆಂಟಾ ಮುದ್ದೆ ತೊಳಸೋ ತಾಮ್ರದ ಹಂಡೆಯನ್ನ ಕಡ ಒಯ್ದು ಡೊಂಕು ಮಾಡಿ ತಂದಳು ಅಂತ ಇವಳು, ಮೊದಲೇ ಡೊಂಕಿತ್ತು ಅಂತ ಅವಳು. ಅವತ್ತಿಂದ ಮಾತಿಲ್ಲ. ಚರ್ಚಿನಲ್ಲಿ ಇವಳು ಎಡಕ್ಕೆ ಕೂತರೆ ಅವಳು ಬಲಕ್ಕೆ.

ಡೆಲ್ಫೀನಾ ನನ್ನನ್ನ ಕಂಬದ ಹಾಗೆ ಪಕ್ಕಕ್ಕೆ ಸರಿಸಿ ಒಳಗೆ ನೋಡಿದಳು.

"ಬದುಕಿದ್ದೀಯಾ?"

"ಬದುಕಿದ್ದೀನಿ" ಅಂದಳು ನಮ್ಮ ಮುದುಕಿ.

"ಮತ್ತೆ ಹೊಗೆ ಎಲ್ಲಿ?"

"ಅವಳನ್ನ ಕೇಳು."

ಡೆಲ್ಫೀನಾ ನನ್ನ ಕಡೆ ತಿರುಗಿದಳು. ಉಬ್ಬಸ ಬರ್ತಿತ್ತು. "ಸತ್ತೇ ಹೋದಳು ಅಂದ್ಕೊಂಡೆ ಕಣೇ. ಸೇತುವೆ ಮೇಲೆ ಎರಡು ಸಲ ಜಾರಿ ಬಿದ್ದೆ. ಯಾಕೆ ಹಚ್ಚಿಲ್ಲ ಒಲೆ?"

"ಗುಳಿಗೆ ಒಲೆ ಉರೀತಿದೆಯಲ್ಲಜ್ಜಿ" ಅಂದೆ.

"ಅದೂ ಒಂದು ಹೊಗೆಯಾ? ಕೊಟ್ಟಿಗೇಲಿ ಕರು ಉಸಿರು ಬಿಟ್ಟ ಹಾಗೆ. ಹೊಳೆ ಆಚೆಗೆ ಕಾಣುತ್ತಾ ಅದು?"

ಎರ್ಮೆಸ್ ಎದ್ದು ಬಂದು ಚಡ್ಡಿಯಲ್ಲೇ ಮೆಟ್ಟಿಲ ಮೇಲೆ ನಿಂತಿದ್ದ. ಕೂತ್ಕೊಳ್ಳಿ ಅಂದೆ. "ಈ ಮನೇಲಿ ನಾನು ಕೂರಲ್ಲ" ಅಂದಳು ಡೆಲ್ಫೀನಾ. ನಿಂತೇ ಕಾಫಿ ಕುಡಿದಳು, ಎರಡು ಲೋಟ. ಹೊರಡೋವಾಗ ಇವಳು ಗೋಡೆಗೆ ಹೇಳೋ ಹಾಗೆ, "ಸೇತುವೆ ಮೇಲೆ ಹಿಮ ಗಟ್ಟಿಯಾಗಿದೆ, ಮತ್ತೆ ಜಾರ್ತಾಳೆ" ಅಂದಳು. ಅವಳು ಬಾಗಿಲಿಗೆ ಹೇಳೋ ಹಾಗೆ, "ನಿನ್ನ ಹಂಡೆ ಹೊತ್ತಿಲ್ಲ, ಜಾರಲ್ಲ" ಅಂದಳು. ಎರ್ಮೆಸ್ ಕಾರಲ್ಲಿ ಸುತ್ತು ದಾರಿ ಬಳಸಿ ಬಿಟ್ಟು ಬಂದ.

ಆಮೇಲೆ ಕೇಳಿದೆ. ಇಬ್ಬರೂ ಒಂದೇ ವರ್ಷ ಗಂಡನ್ನ ಕಳಕೊಂಡವರು. ಆ ಚಳಿಗಾಲದಲ್ಲೇ ಮಾತಾಡಿಕೊಂಡರಂತೆ. ಬೆಳಕು ಹರಿಯೋ ಹೊತ್ತಿಗೆ ಚಿಮಣಿಯಲ್ಲಿ ಹೊಗೆ ಏಳಬೇಕು, ಏಳದಿದ್ದರೆ ಇನ್ನೊಬ್ಬಳು ಹೋಗಿ ನೋಡಬೇಕು. ಮಾತು ಬಿಟ್ಟರೂ ಅದನ್ನ ಬಿಡಲಿಲ್ಲ. ಮೂವತ್ತು ವರ್ಷ, ಇವತ್ತು ಬಿಟ್ಟರೆ ಒಂದು ದಿನವೂ ತಪ್ಪಿಲ್ಲ.

"ನನಗ್ಯಾಕೆ ಹೇಳಲಿಲ್ಲ?" ಅಂದೆ.

"ನೀನೆಲ್ಲಿ ಕೇಳಿದೆ? ಯಾಕೆ ಹಚ್ತೀರಿ ಅಂತ ಬೈದೆ. ಬೈಯೋದು ಬೇರೆ, ಕೇಳೋದು ಬೇರೆ. ಅಲ್ಲದೆ ಆ ಡೊಂಕು ಹಂಡೆಯವಳ ಚಿಮಣಿ ದಿನಾ ನೋಡ್ತೀನಿ ಅಂತ ನನ್ನ ಬಾಯಿಂದ ಹೇಳಲಾ?"

ಕೀಲಿ ಕೊಟ್ಟೆ. ಆದರೆ ಕಟ್ಟಿಗೆ ನಾನೇ ತಂದಿಡ್ತೀನಿ, ಮೆಟ್ಟಿಲ ಮೇಲೆ ಹೊರೆ ಹೊರಬಾರದು ಅಂದೆ. ಅದಕ್ಕೆ ಒಪ್ಪಿದರು ಅತ್ತೆ.

ಡಿಸೆಂಬರ್ 13, ಶುಕ್ರವಾರ

ಸಂತ ಲೂಚಿಯಾ ಹಬ್ಬ, ಶಾಲೆಯಲ್ಲಿ ಮಕ್ಕಳ ಗಲಾಟೆಯೋ ಗಲಾಟೆ. ಬಂದವಳೇ ಗೋಡೆಗೆ ಕೈ ಹಾಕಿದೆ. ತಂತಿಯನ್ನ ಮೆಟ್ಟಿಲ ಅಂಚಿನಲ್ಲೇ ಎಳೆದು, ಡಬ್ಬಿಯನ್ನ ಮೇಲೆ ಅತ್ತೆಯ ಕೋಣೆ ಬಾಗಿಲ ಪಕ್ಕ ಹಾಕಿದೆ. ಇನ್ನೂ ಮೂರು ಮೊನೆ ಮುರಿದವು. ಮುರೀಲಿ.

ಈಗ ಕೆಳಗೆ ಕಟ್ಟಿಗೆ ಒಲೆ ಎಷ್ಟು ಬೇಕಾದರೂ ಉರೀಲಿ, ಗುಳಿಗೆ ಒಲೆಗೆ ಮೋಸವಾಗಲ್ಲ. ಮೇಲೆ ಇಪ್ಪತ್ತು, ಹತ್ತೊಂಬತ್ತು, ಮತ್ತೆ ಇಪ್ಪತ್ತು. ಎಂಟು ಸಲ ಹತ್ತಿ ನೋಡಿ ಬಂದೆ. ಅಡುಗೆಮನೆ ಗೋಡೆಯಲ್ಲಿ ಉಳಿದ ಎರಡು ತೂತಿಗೆ ಅತ್ತೆ ಮೊಳೆ ಬಡಿದು ಸೌಟು ನೇತುಹಾಕಿದ್ದಾರೆ. "ಗೋಡೆ ಕೊರೆದಿದ್ದು ದಂಡ ಆಗಬಾರದಲ್ಲ" ಅಂತೆ.

ಡಿಸೆಂಬರ್ 19, ಗುರುವಾರ

ಫೋನ್ ಬಂತು. ಜಾಗ ಖಾಲಿಯಾಗಿದೆ. ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಹೂಂ ಅಥವಾ ಉಹೂಂ ಅನ್ನಬೇಕು, ಇಲ್ಲದಿದ್ರೆ ಮುಂದಿನ ಹೆಸರಿಗೆ ಹೋಗುತ್ತೆ.

ಯಂತ್ರ ಹೇಳಿಯಾಗಿದೆ. ಮನೆ ಇಪ್ಪತ್ತಕ್ಕೆ ನಿಂತಿದೆ. ನಾನೇ ಹಾಕಿದ ಕರಾರು. ಹಾಗಿದ್ದೂ ಫೋನಿನಲ್ಲಿ ಉಹೂಂ ಅನ್ನೋಕೆ ನಾಲಿಗೆ ಏಳಲಿಲ್ಲ. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಯಾಕೆ? ನನಗೆ ಸುಸ್ತಾಗಿದೆ. ಸ್ನಾನ ಮಾಡಿಸೋದು, ಮಾತ್ರೆ ಎಣಿಸೋದು, ಕೆಮ್ಮು ಕೇಳಿಸಿದರೆ ಕಿವಿ ನೆಟ್ಟಗಾಗೋದು. ಐವತ್ನಾಲ್ಕು ವರ್ಷ ನನಗೂ. ಒಂದು ಭಾನುವಾರ ಯಾರಿಗೂ ಹೇಳದೆ ಸಮುದ್ರಕ್ಕೆ ಹೋಗಬೇಕು ಅಂತ ಆಸೆ. ಹೂಂ ಅಂದುಬಿಡೋಣ ಅಂತ ಮನಸ್ಸು ಎಳೀತಿದೆ. ಡಿಗ್ರಿ ಗಿಗ್ರಿ ಎಲ್ಲಾ ನೆಪ.

ಫೋನ್ ಇಟ್ಟು ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ. ಅಳಲಿಲ್ಲ, ಬೈಯಲಿಲ್ಲ. "ಅಲ್ಲಿ ಕಿಟಕಿ ಯಾವ ಕಡೆಗಿದೆ?" ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ 21, ಶನಿವಾರ

ಹೋಗಿ ನೋಡಿ ಬಂದೆ. ಎಲ್ಲಾ ಕಡೆ ಒಂದೇ ಸಮ ಇಪ್ಪತ್ತೆರಡು ಡಿಗ್ರಿ. ಚೊಕ್ಕಟವಾಗಿದೆ, ನರ್ಸುಗಳು ಒಳ್ಳೆಯವರು. ಎರಡನೇ ಮಹಡಿಯ ಮೂಲೆ ಕೋಣೆ. ಕಿಟಕಿ ಕಣಿವೆ ಮೇಲ್ಗಡೆಗಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ನಮ್ಮ ಊರಿನ ಇಳಿಜಾರು, ಅದರಲ್ಲಿ ನಮ್ಮ ಮನೆ.

ಅತ್ತೆಗೆ ಹೇಳಿದೆ. ಕಾಯ್ತಾ ಕೂತಿದ್ದರು.

"ನಮ್ಮ ದಂಡೆ ಕಾಣುತ್ತೆ, ಸರಿ. ಆಚೆ ದಂಡೆ?"

"ಇಲ್ಲ ಅತ್ತೆ. ಗುಡ್ಡ ಅಡ್ಡ ಬರುತ್ತೆ."

"ಹಾಗಾದ್ರೆ ಡೆಲ್ಫೀನಾನ ನೋಡೋರು ಯಾರು?"

ಅಷ್ಟೇ ಕೇಳಿದ್ದು. ತನ್ನನ್ನ ನೋಡೋರು ಯಾರು ಅಂತ ಕೇಳಲಿಲ್ಲ. ಎರ್ಮೆಸ್ ತಟ್ಟೆ ದೂರ ತಳ್ಳಿ ಎದ್ದ. ಮಾಡಿದ ಫ್ರೀಕೊ ಹಾಗೇ ಉಳಿಯಿತು. ಚೀಸೂ ಆಲೂಗಡ್ಡೆಯೂ ಸೇರಿಸಿ ಹುರಿದ ಅದು ತಣ್ಣಗಾದರೆ ಚಪ್ಪಲಿ ತೊಗಲು, ನಾಯಿಯೂ ಮೂಸಲ್ಲ.

ಡಿಸೆಂಬರ್ 23, ಸೋಮವಾರ

ಸಂಜೆ ಐದು ಗಂಟೆ. ಈಗ ಕೂತೆ.

ನಿನ್ನೆಯಿಂದ ಅತ್ತೆಗೆ ಜ್ವರ. ಏಳಬಾರದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಮೇಲಿಂದ ಕೋಲಿನಿಂದ ನೆಲ ಕುಟ್ಟೋ ಶಬ್ದ. ಹೋದೆ. "ಒಲೆ" ಅಂದರು. "ಹಚ್ತೀನಿ ಮಲಕ್ಕೊಳ್ಳಿ" ಅಂದೆ. ಇಪ್ಪತ್ತಾರು ವರ್ಷದಲ್ಲಿ ಆ ಒಲೆಯನ್ನ ನಾನು ಒಂದು ಸಲವೂ ಹಚ್ಚಿಲ್ಲ, ಅತ್ತೆ ಮುಟ್ಟಗೊಡ್ತಿರಲಿಲ್ಲ. ಮೊದಲ ಸಲ ಹೊಗೆಯೆಲ್ಲಾ ಅಡುಗೆಮನೆಗೇ ಬಂತು. "ಒಲೆಯ ಕೆಳಗಿನ ಬಾಗಿಲು ತೆಗಿಯೇ!" ಅಂತ ಮೇಲಿಂದ ಕೂಗು. ತೆಗೆದೆ. ಹತ್ತಿತು.

ಕಣ್ಣೊರೆಸಿಕೊಂಡು ಕಿಟಕಿಗೆ ಬಂದೆ, ಅತ್ತೆ ನಿಲ್ಲೋ ಜಾಗಕ್ಕೆ. ಬೆಳಕು ಹರೀತಿತ್ತು. ಆಚೆ ದಂಡೆಯ ಚಿಮಣಿ ಖಾಲಿ. ಸರಿ, ಇನ್ನೊಂದು ಐದು ನಿಮಿಷ ಅಂದೆ. ಏಳೂಕಾಲಾಯ್ತು. ಖಾಲಿ. ಹಾಲು ಉಕ್ಕಿತು, ನೋಡಲಿಲ್ಲ. ಎರ್ಮೆಸ್ ನಸುಕಿಗೇ ಲಾರಿ ಹತ್ತಿ ಹೋಗಿದ್ದ. ಏಳೂ ಇಪ್ಪತ್ತಕ್ಕೆ ಎರ್ಮೆಸ್‌ನ ಬೂಟು ಸಿಕ್ಕಿಸಿಕೊಂಡು ಓಡಿದೆ.

ಸೇತುವೆ ಹೇಗೆ ದಾಟಿದೆನೋ ಗೊತ್ತಿಲ್ಲ. ಬಾಗಿಲಿಗೆ ಅಗಳಿ ಇರಲಿಲ್ಲ. ಡೆಲ್ಫೀನಾ ಅಜ್ಜಿ ಅಡುಗೆಮನೆ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಒಂದು ಕಾಲು ಸೊಟ್ಟಗೆ ತಿರುಗಿತ್ತು. ಸುತ್ತ ಕಟ್ಟಿಗೆ ಚೆಲ್ಲಿತ್ತು.

"ತಡ ಮಾಡಿದೆ" ಅಂದರು.

ನಾನು ಅಲ್ಲೇ ಕುಸಿದು ಕೂತು ಗೊಳೋ ಅಂತ ಅತ್ತುಬಿಟ್ಟೆ. ಸೊಂಟ ಮುರಿದವರು ಅವರು, ಸಮಾಧಾನ ಮಾಡಿದ್ದೂ ಅವರೇ.

"ಅಳಬೇಡ್ವೇ. ಇಲ್ಲಿಂದ ನೋಡು, ಕಿಟಕಿಯಲ್ಲಿ ನಿಮ್ಮ ಚಿಮಣಿ ಒಂದೇ ಕಾಣೋದು. ಹೊಗೆ ಬರೋವರೆಗೂ ಹೆದರಿಕೆಯಿತ್ತು. ಬಂದ ಮೇಲೆ, ನಿಮ್ಮತ್ತೆ ಎರ್ಸೀಲಿಯಾ ಎದ್ದಿದ್ದಾಳೆ, ಯಾರನ್ನಾದ್ರೂ ಕಳಿಸ್ತಾಳೆ ಅಂತ ಧೈರ್ಯ ಬಂತು."

"ಅತ್ತೆ ಎದ್ದಿಲ್ಲ ಅಜ್ಜಿ, ಜ್ವರ. ಹಚ್ಚಿದ್ದು ನಾನು."

"ಅದಕ್ಕೇ ಮೊದಲು ಅಷ್ಟು ಕರ್ರಗಿತ್ತು" ಅಂದರು.

ಆಂಬುಲೆನ್ಸ್ ಬಂತು, ನಾನೂ ಜೊತೆಗೆ ಆಸ್ಪತ್ರೆಗೆ ಹೋದೆ. ಬದುಕ್ತಾರೆ ಅಂದರು ಡಾಕ್ಟರು, ಇನ್ನೆರಡು ಗಂಟೆ ಆ ಚಳಿಯಲ್ಲಿ ಬಿದ್ದಿದ್ದರೆ ಮಾತ್ರ ಹೇಳೋ ಹಾಗಿರಲಿಲ್ಲವಂತೆ.

ಮನೆಗೆ ಬಂದಾಗ ಹನ್ನೆರಡಕ್ಕೆ ಐದು ನಿಮಿಷ. ಫೋನ್ ಮಾಡಿ, "ನಮ್ಮತ್ತೆ ಬರಲ್ಲ. ಜಾಗ ಮುಂದಿನವರಿಗೆ ಕೊಡಿ" ಅಂದೆ. ಆ ಹುಡುಗಿ, "ಖಂಡಿತಾನಾ ಸಿನ್ಯೋರಾ? ಮತ್ತೆ ಯಾವಾಗ ಸಿಗುತ್ತೋ ಗೊತ್ತಿಲ್ಲ" ಅಂದಳು. ಖಂಡಿತ ಅಂದೆ. ಇಷ್ಟು ದಿನ ಯಾಕಷ್ಟು ಒದ್ದಾಡಿದೆ ಅಂತ ಈಗ ನೆನಪಿಗೇ ಬರ್ತಿಲ್ಲ.

ಮೇಲೆ ಹೋಗಿ ಅತ್ತೆಗೆ ಎರಡೂ ಹೇಳಿದೆ, ಡೆಲ್ಫೀನಾ ಅಜ್ಜಿದೂ, ಫೋನಿಂದೂ. ಅವರು ನನ್ನ ಕಾಲ ಕಡೆ ನೋಡಿದರು. ಆಮೇಲೆ, "ಎರ್ಮೆಸ್‌ನ ಬೂಟು ನಿನಗೆ ದೊಡ್ಡದು. ನನ್ನದು ಹಾಕ್ಕೊ ಇನ್ಮೇಲೆ" ಅಂದರು.

ಜನವರಿ 6, ಸೋಮವಾರ

ನಿನ್ನೆ ಸಂಜೆ ಗುಡ್ಡದ ಮೇಲೆ ಹಬ್ಬದ ದೊಡ್ಡ ಬೆಂಕಿ. ಊರೆಲ್ಲಾ ಹೊಗೆ ಯಾವ ಕಡೆ ಹೋಗುತ್ತೆ ಅಂತ ಕತ್ತೆತ್ತಿ ನಿಂತಿತ್ತು. ಅತ್ತೆ ಶಾಲು ಹೊದ್ದು ಕಿಟಕಿಯಿಂದಲೇ ನೋಡಿದರು. "ಹೊಗೆ ಮೂಡಣಕ್ಕೆ ಹೋದ್ರೆ ಚೀಲ ತಗೊಂಡು ಸಂತೆಗೆ ಹೋಗು, ಪಡುವಣಕ್ಕೆ ಹೋದ್ರೆ ಚೀಲ ತಗೊಂಡು ದೇಶಾಂತರ ಹೋಗು" ಅಂದರು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯ್ತು. "ಇದಕ್ಕೇನು ಹೇಳ್ತೀರಿ?" ಅಂದೆ. "ಚೀಲ ಅಲ್ಲೇ ಇರಲಿ" ಅಂದರು.

ಡೆಲ್ಫೀನಾ ಅಜ್ಜಿ ಇನ್ನು ಒಂಟಿಯಾಗಿರೋ ಹಾಗಿಲ್ಲ. ಆಸ್ಪತ್ರೆಯಿಂದ ಸೀದಾ ಆಶ್ರಮಕ್ಕೆ, ಅವರೇ ಒಪ್ಪಿದ್ದಾರೆ. ಅತ್ತೆಗೆ ಜ್ವರ ಬಿಟ್ಟಿದೆ, ಆದರೆ ಮಂಕು ಬಿಟ್ಟಿಲ್ಲ. ಬೆಳಿಗ್ಗೆ ನಾನು ಒಲೆ ಹಚ್ತೀನಿ, ಅವರು ಕಿಟಕಿಗೆ ಬಂದು ಆಚೆ ದಂಡೆಯ ಖಾಲಿ ಚಿಮಣಿ ನೋಡ್ತಾರೆ. ಇನ್ನು ಯಾರಿಗೆ ತೋರಿಸೋಕೆ ಹಚ್ಚೋದು ಅಂತ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡು ಇನ್ನೊಂದು ಕೊರಡು ಹಾಕಿದೆ.

ಜನವರಿ 27, ಸೋಮವಾರ

ಬೆಳಿಗ್ಗೆ ಎಚ್ಚರವಾಗಿ ಮಗ್ಗುಲಾದವಳು ಮತ್ತೆ ಹಾಗೇ ನಿದ್ದೆ ಹೋಗಿದ್ದೆ. ಎದ್ದು ದಡಬಡಿಸಿ ಒಲೆ ಹಚ್ಚಿ ಕಾಫಿ ಇಡ್ತಿದ್ದೆ, ಫೋನ್ ಹೊಡಕೊಂಡಿತು. ಬೆಳಿಗ್ಗೆ ಏಳೂಕಾಲಿಗೆ ಯಾರಪ್ಪಾ ಅಂತ ಎತ್ತಿದೆ.

"ಯಾರು ಸತ್ತಿದ್ದು?" ಡೆಲ್ಫೀನಾ ಅಜ್ಜಿ ಧ್ವನಿ.

"ಅಯ್ಯೋ, ಯಾರೂ ಸತ್ತಿಲ್ಲ! ಯಾಕಜ್ಜಿ?"

"ಮತ್ತೆ ಹೊಗೆ ಹತ್ತು ನಿಮಿಷ ತಡ?"

ಆಶ್ರಮದಲ್ಲಿ ಅವರಿಗೆ ಕೊಟ್ಟಿದ್ದು ನಾನು ನೋಡಿ ಬಂದಿದ್ದ ಅದೇ ಎರಡನೇ ಮಹಡಿಯ ಮೂಲೆ ಕೋಣೆಯಂತೆ, ಪಟ್ಟಿಯಲ್ಲಿದ್ದ ಮುಂದಿನವರು ಬೇಡ ಅಂದರಂತೆ. ಬಂದು ಮೂರು ದಿನವಾಯ್ತು. ಹತ್ತಿರದ ಚಮಚ ಕಾಣಲ್ಲ, ದೂರಕ್ಕೆ ಮಾತ್ರ ಹದ್ದಿನ ಕಣ್ಣು. ಬೆಳಗಾದರೆ ಗಾಲಿಕುರ್ಚಿಯನ್ನ ಕಿಟಕಿಗೆ ತಳ್ಳಿಸಿಕೊಂಡು ಕೂರ್ತಾರಂತೆ.

ಅತ್ತೆ ಮೆಟ್ಟಿಲು ಇಳಿದು ಬಂದು ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಏನೇ ಅದು, ಬೆಳಿಗ್ಗೆ ಬೆಳಿಗ್ಗೆ ಗಲಾಟೆ? ಈಗ ನಮ್ಮ ನಿವೆಸ್ ಹಚ್ಚೋದು. ಬಯಲಿನವಳಲ್ವಾ, ತಡ ಆಗುತ್ತೆ. ಕಲೀತಾಳೆ ಬಿಡು" ಅಂದರು. ಆಮೇಲೆ, "ಮೊದಲೇ ಡೊಂಕಿತ್ತಾ? ಹಂಡೆ ಇಲ್ಲೇ ಇದೆ, ಕಳಿಸಿಕೊಡ್ಲಾ, ಕಣ್ಣಾರೆ ನೋಡ್ತೀಯಾ?" ಅಂತ ಶುರು ಮಾಡಿದರು. ಕೆನ್ನೆ ಕೆಂಪಾಗಿ, ಧ್ವನಿ ಏರಿಸಿ, ಅರ್ಧ ಗಂಟೆ ಜಗಳ! ನನಗೆ ಶಾಲೆ ಬಸ್ಸು ತಪ್ಪಿತು.

ಮೇಲೆ ಇಪ್ಪತ್ತಿದೆಯಂತೆ, ಎರ್ಮೆಸ್ ಶನಿವಾರ ನೋಡಿ ಹೇಳಿದ. ನಾನು ನೋಡಿಲ್ಲ.

ನಾಳೆಗೆ ಅಲಾರಂ ಆರಕ್ಕೆ. ಒಣ ಕಟ್ಟಿಗೆ ಈಗಲೇ ಒಳಗೆ ತಂದಿಡಬೇಕು. ಹತ್ತಿದ ಮೇಲೆ ಹಸಿ ಟೊಂಗೆ ಒಂದೆರಡು ಮೇಲೆ ಹಾಕಬೇಕು, ಹೊಗೆ ದಪ್ಪಗೆ ಬರುತ್ತೆ. ಅಷ್ಟು ದೂರಕ್ಕೆ ಕಾಣಬೇಕಲ್ಲ.